ದೇವರಕಾಡಿನ ಗಡಿಕಲ್ಲು

ನಮ್ಮೂರಿನ ಅಯ್ಯಪ್ಪನ ಕಾಡಿಗೆ ಹೋಗಬೇಕಾದರೆ ಎರಡು ಕಾಫಿ ತೋಟ ದಾಟಬೇಕು. ಎರಡನೇ ತೋಟದ ಬೇಲಿ ಮುಗಿದ ಕೂಡಲೇ ಬೆಳಕು ಇಳಿಯುತ್ತದೆ, ಕಾಲಡಿಯ ನೆಲ ಮೆತ್ತಗಾಗುತ್ತದೆ. ದೊಡ್ಡದೊಂದು ಮರದ ಬುಡದಲ್ಲಿ ಮಣ್ಣಿನ ನಾಯಿಗಳು ಸಾಲಾಗಿ ನಿಂತಿವೆ. ಬೇಟೆಯ ದೇವರು ಅಯ್ಯಪ್ಪನಿಗೆ ಹರಕೆ ಹೊತ್ತವರು ತಂದಿಟ್ಟ ನಾಯಿಗಳು. ಕೆಲವಕ್ಕೆ ಕಿವಿ ಮುರಿದಿದೆ, ಕೆಲವಕ್ಕೆ ಮೂತಿಯೇ ಇಲ್ಲ. ತೀರಾ ಹಳೆಯವು ಪಾಚಿ ಹಿಡಿದು, ಅರ್ಧ ಹೂತು, ಕಲ್ಲೋ ನಾಯಿಯೋ ಗೊತ್ತಾಗದ ಹಾಗಿವೆ. ಅವನ್ನು ಯಾರೂ ಎತ್ತಿ ಆಚೆ ಹಾಕುವುದಿಲ್ಲ. ಒಡೆದರೆ ಅಲ್ಲೇ ಇರುತ್ತವೆ, ಅಲ್ಲೇ ಮಣ್ಣಾಗುತ್ತವೆ.

ಹೋದ ಬೇಸಿಗೆಯಲ್ಲಿ ಊರಿನ ತಕ್ಕರ, ಅಂದರೆ ಊರಿನ ಹಿರಿಯ ಮುಖ್ಯಸ್ಥರ ಜೊತೆ ಅಲ್ಲಿಗೆ ಹೋಗಿದ್ದೆ. ನಾನು ಅವರನ್ನು ಮಾವ ಅಂತಲೇ ಕರೆಯುವುದು. ವಯಸ್ಸು ಎಂಬತ್ತು ದಾಟಿದೆ, ಆದರೂ ಏರು ಹತ್ತುವಾಗ ನನಗಿಂತ ಮುಂದೆ. ಕಾಡಿನ ಅಂಚಿನಲ್ಲಿ ಕೋಲಿನಿಂದ ತರಗೆಲೆ ಕೆದಕುತ್ತಾ ಏನೋ ಹುಡುಕುತ್ತಿದ್ದರು. ಸಿಗಲಿಲ್ಲ. ವಾಪಸ್ ತೋಟದೊಳಗೆ ಬಂದರು. ಮೂರು ಸಾಲು ಕಾಫಿ ದಾಟಿ, ಒಂದು ಗಿಡದ ಬುಡದಲ್ಲಿ ಕೋಲು ಊರಿ ನಿಂತರು. ಅಲ್ಲಿತ್ತು ಸರ್ವೆ ಕಲ್ಲು.

"ನೋಡು ಮಗಾ, ಕಲ್ಲು ಅಲ್ಲೇ ಇದೆ. ಬೇಲಿ ಮಾತ್ರ ನಡ್ಕೊಂಡು ಬಂದಿದೆ" ಅಂದರು.

ಕೊಡಗಿನ ದೇವರಕಾಡುಗಳು, ಅಂದರೆ ದೇವರಿಗೆ ಅಂತ ಬಿಟ್ಟ ಇಂಥ ಕಾಡುಗಳು, ಯಾಕೆ ಕರಗುತ್ತಿವೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಜನರಿಗೆ ಮೊದಲಿನ ಭಯಭಕ್ತಿ ಇಲ್ಲ. ನನಗೆ ಹಾಗೆ ಅನಿಸುವುದಿಲ್ಲ. ಭಕ್ತಿ ಇದೆ. ಹಬ್ಬದ ದಿನ ಬೆಂಗಳೂರು, ಮೈಸೂರಿನಿಂದ ಕಾರು ಮಾಡಿಕೊಂಡು ಬರುತ್ತಾರೆ, ಕಾಣಿಕೆ ಹಾಕುತ್ತಾರೆ, ಚೆಂಡೆ ಸದ್ದಿಗೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಇಲ್ಲದೇ ಇರುವುದು ಬೇರೆ. ಈ ಜಾಗಕ್ಕೆ ನಾವು ಜವಾಬ್ದಾರರು ಅಂತ ಕಾಗದದ ಮೇಲೆ ಹೆಸರಿರುವವರು ಇಲ್ಲ. ಹಬ್ಬ ಮುಗಿದ ಮೇಲೂ ವರ್ಷಪೂರ್ತಿ ಕಾಯುವವರು ಇಲ್ಲ. ಎಷ್ಟೇ ಆಸೆ ತೋರಿಸಿದರೂ ಮಾರಲು ಅಧಿಕಾರವೇ ಇಲ್ಲದ ಒಂದು ಸಂಸ್ಥೆ ಇಲ್ಲ.

ಇದನ್ನು ಹೇಳಲು ನಾನು ತುಂಬಾ ದೂರದ ಒಂದು ಜಾಗವನ್ನು ಜೊತೆಗೆ ತರುತ್ತೇನೆ. ಆ ಜಾಗದ ಹೆಸರು ನಮ್ಮ ಕೊಟ್ಟಿಗೆಗಳಿಗೆ ಚೆನ್ನಾಗಿ ಗೊತ್ತು.

ಜೆರ್ಸಿ ಅಂದರೆ ಬರೀ ಹಸು ಅಲ್ಲ

ಜೆರ್ಸಿ ಹಸು ಅಂದರೆ ಗೊತ್ತಿಲ್ಲದವರಿಲ್ಲ. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಒಂದಾದರೂ ಜೆರ್ಸಿ ಕ್ರಾಸ್ ಇರುತ್ತದೆ. ಆ ಹೆಸರು ಬಂದದ್ದು ಒಂದು ದ್ವೀಪದಿಂದ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನಲ್ಲಿ, ಫ್ರಾನ್ಸ್ ದಡಕ್ಕೆ ಹತ್ತಿರದಲ್ಲಿ ಜೆರ್ಸಿ ಇದೆ. ವಿಸ್ತೀರ್ಣ ಸುಮಾರು 118 ಚದರ ಕಿಲೋಮೀಟರ್. ಕೊಡಗು 4,102 ಚದರ ಕಿಲೋಮೀಟರ್. ಅಂದರೆ ನಮ್ಮ ಜಿಲ್ಲೆಯೊಳಗೆ ಸುಮಾರು ಮೂವತ್ತೈದು ಜೆರ್ಸಿ ಹಿಡಿಯುತ್ತವೆ. ಅಷ್ಟು ಚಿಕ್ಕ ಜಾಗದಲ್ಲಿ 2021ರ ಜನಗಣತಿ ಪ್ರಕಾರ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ. ಹಣಕಾಸು ವಹಿವಾಟಿನಿಂದ ಶ್ರೀಮಂತವಾದ ದ್ವೀಪ. ಕಡಲು ಕಾಣುವ ಒಂದು ತುಂಡು ನೆಲಕ್ಕೆ ಅಲ್ಲಿ ಎಂಥ ಬೆಲೆ ಇರಬಹುದು, ನೀವೇ ಯೋಚಿಸಿ.

ಹಸುವಿನ ವಿಷಯದಲ್ಲೇ ಆ ಜನರ ಸ್ವಭಾವ ಗೊತ್ತಾಗುತ್ತದೆ. ಹೊರಗಿನ ದನ ದ್ವೀಪಕ್ಕೆ ಬರಬಾರದು ಅಂತ 1789ರಲ್ಲಿ ಕಾನೂನು ಮಾಡಿದರು. ತಳಿ ಬೆರಕೆ ಆಗದ ಹಾಗೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಯ್ದರು. ಹೊರಗಿನ ವೀರ್ಯ ತರಲು ಅವಕಾಶ ಸಿಕ್ಕಿದ್ದು 2008ರಲ್ಲಿ.

ಅಲ್ಲಿ 1936ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಹೆಸರು ನ್ಯಾಷನಲ್ ಟ್ರಸ್ಟ್ ಫಾರ್ ಜೆರ್ಸಿ. ಇದು ಸರ್ಕಾರದ ಇಲಾಖೆಯಲ್ಲ. ದಾನಧರ್ಮದ ಟ್ರಸ್ಟ್. ಸದಸ್ಯರ ಚಂದಾ, ದಾನ, ಉಯಿಲಿನಲ್ಲಿ ಬರೆದಿಟ್ಟ ಆಸ್ತಿ, ಸ್ವಯಂಸೇವಕರ ದುಡಿಮೆ ಇದರ ಬಂಡವಾಳ. ದ್ವೀಪದ ಚೆಂದದ ಜಾಗಗಳನ್ನೂ ಹಳೆಯ ಕಟ್ಟಡಗಳನ್ನೂ ಜನರ ಪರವಾಗಿ ಕಾಯಂ ಆಗಿ ಉಳಿಸಿಕೊಳ್ಳುವುದು ಇದರ ಗುರಿ. ಕಡಲ ದಡದ ಬಂಡೆನೆಲ, ಜೌಗು, ಹುಲ್ಲುಗಾವಲು, ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ, ಪಟ್ಟಣದ ನಡುವೆ ಬೀಳುವ ಸ್ಥಿತಿಗೆ ಬಂದಿದ್ದ 18ನೇ ಶತಮಾನದ ಮನೆ, ಎಲ್ಲವೂ ಈ ಒಂದೇ ಟ್ರಸ್ಟಿನ ಕೈಯಲ್ಲಿವೆ.

ಪ್ಲೆಮಾಂಟ್ ಅನ್ನುವ ಜಾಗದ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ದ್ವೀಪದ ಉತ್ತರದಲ್ಲಿ ಕಡಲಿಗೆ ಚಾಚಿಕೊಂಡ ಎತ್ತರದ ನೆಲ ಅದು. ಅಲ್ಲೊಂದು ದೊಡ್ಡ ರಜಾ ಶಿಬಿರ ಇತ್ತು. ನಮ್ಮ ಕಡೆಯ ರೆಸಾರ್ಟ್ ಇದ್ದ ಹಾಗೆ ಅಂದುಕೊಳ್ಳಿ. 2000ದಲ್ಲಿ ಅದು ಮುಚ್ಚಿತು. ಕಟ್ಟಡಗಳು ಹಾಳುಬಿದ್ದವು. ನೆಲದ ಮಾಲೀಕರು ಅಲ್ಲಿ ಮನೆಗಳನ್ನು ಕಟ್ಟಿ ಮಾರಲು ಹೊರಟರು. 2012ರಲ್ಲಿ 28 ಮನೆಗಳಿಗೆ ಅನುಮತಿಯೂ ಸಿಕ್ಕಿತು. ಟ್ರಸ್ಟ್ ವಿರೋಧ ಮಾಡಿ ಸುಮ್ನಾಗಲಿಲ್ಲ, ನಾವೇ ಕೊಳ್ಳುತ್ತೇವೆ ಅಂತ ಮುಂದೆ ಬಂತು. 2014ರಲ್ಲಿ ದ್ವೀಪದ ಶಾಸನಸಭೆ 35 ಲಕ್ಷದ 75 ಸಾವಿರ ಪೌಂಡ್ ಕೊಡಲು ಒಪ್ಪಿತು. ಆಗಿನ ಲೆಕ್ಕದಲ್ಲಿ ಸುಮಾರು 36 ಕೋಟಿ ರೂಪಾಯಿ. ಉಳಿದ ಅರ್ಧವನ್ನು ಟ್ರಸ್ಟ್ ಜನರಿಂದ ಎತ್ತಿತು. ಶಿಬಿರವನ್ನು ಕೆಡವಿದರು. ನೆಲವನ್ನು ಹುಲ್ಲಿಗೆ, ಪೊದೆಗೆ, ಹಕ್ಕಿಗಳಿಗೆ ಬಿಟ್ಟುಕೊಟ್ಟರು. ಇವತ್ತು ಅಲ್ಲಿ ಯಾರು ಬೇಕಾದರೂ ನಡೆದು ಹೋಗಬಹುದು.

ಇದಕ್ಕೂ ಮೊದಲು, 2009ರಲ್ಲಿ, ಇದೇ ಟ್ರಸ್ಟ್ ಕರೆದಾಗ ಸೇಂಟ್ ಊಯೆನ್ ಕೊಲ್ಲಿಯ ಮರಳಿನ ಮೇಲೆ ಸಾವಿರಾರು ಜನ ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು. ನಮ್ಮ ದಡ ಉಳಿಸಿ ಅನ್ನುವುದು ಬೇಡಿಕೆ. 2011ರ ಭೂಬಳಕೆ ಯೋಜನೆಯಲ್ಲಿ ಕರಾವಳಿ ರಾಷ್ಟ್ರೀಯ ಉದ್ಯಾನ ಅನ್ನುವ ವಲಯ ಬಂತು.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಚಫ್ ಅಂತ ಕಾಗೆ ಜಾತಿಯ ಒಂದು ಹಕ್ಕಿ. ಕಪ್ಪು ಮೈ, ಕೆಂಪು ಕೊಕ್ಕು, ಕೆಂಪು ಕಾಲು. 1900ರ ಆಸುಪಾಸಿನಲ್ಲಿ ಜೆರ್ಸಿಯಿಂದ ಅದು ಮಾಯವಾಯಿತು. ಕಡಲಂಚಿನಲ್ಲಿ ಕುರಿ ಮೇಯಿಸುವುದು ನಿಂತುಹೋಗಿ, ಗಿಡಗಂಟಿ ಬೆಳೆದು, ಹುಳ ಹೆಕ್ಕಿ ತಿನ್ನಲು ಗಿಡ್ಡ ಹುಲ್ಲಿನ ನೆಲವೇ ಇಲ್ಲದಂತಾಗಿದ್ದು ಒಂದು ಮುಖ್ಯ ಕಾರಣ. 2013ರಿಂದ ಡರೆಲ್ ವನ್ಯಜೀವಿ ಸಂಸ್ಥೆಯ ಜೊತೆ ಸೇರಿ ಈ ಹಕ್ಕಿಯನ್ನು ಮತ್ತೆ ತಂದು ಬಿಟ್ಟರು. ಹಕ್ಕಿಗಿಂತ ಮೊದಲು ತಂದದ್ದು ಕುರಿ! ನಾಲ್ಕು ಕೊಂಬು ಬೆಳೆಯುವ ಹಳೆಯ ತಳಿಯ ಕುರಿಗಳನ್ನು ಮೇಯಲು ಬಿಟ್ಟು ನೆಲವನ್ನು ಸರಿಮಾಡಿಕೊಂಡರು. 2015ರಲ್ಲಿ, ಹೀಗೆ ಬಿಟ್ಟ ಹಕ್ಕಿಗಳಿಗೆ ಹೊರಗೇ ಹುಟ್ಟಿದ ಮರಿ ಗೂಡಿನಿಂದ ಹಾರಿತು. ಒಂದು ಹಕ್ಕಿ ಹೋದದ್ದು ಜನರ ಕೆಲಸ ನಿಂತಿದ್ದರಿಂದ, ವಾಪಸ್ ಬಂದದ್ದು ಆ ಕೆಲಸ ಮತ್ತೆ ಶುರುವಾಗಿದ್ದರಿಂದ. ಬೇಲಿ ಹಾಕಿ ಬೀಗ ಜಡಿದರೆ ಪ್ರಕೃತಿ ಉಳಿಯುತ್ತದೆ ಅಂತ ನಂಬುವವರು ಇದನ್ನು ಗಮನಿಸಬೇಕು.

ನಮ್ಮ ದ್ವೀಪಗಳು

ಕೊಡಗಿನಲ್ಲಿ ಕಡಲಿಲ್ಲ. ಕುಶಾಲನಗರದ ಹತ್ತಿರ ಕಾವೇರಿ ಸುತ್ತುವರಿದ ನಿಸರ್ಗಧಾಮ ಬಿಟ್ಟರೆ ದ್ವೀಪ ಅಂದ ಕೂಡಲೇ ನೆನಪಾಗುವ ಜಾಗ ಕಡಿಮೆ. ಆದರೆ ಬೆಟ್ಟದ ಮೇಲೆ ನಿಂತು ನೋಡಿದರೆ ಬೇರೆ ತರದ ದ್ವೀಪಗಳು ಕಾಣುತ್ತವೆ. ಕಾಫಿ ತೋಟ, ಗದ್ದೆಗಳ ನಡುವೆ ಅಲ್ಲೊಂದು ಇಲ್ಲೊಂದು ಕಡುಹಸಿರು ತಲೆ ಎತ್ತಿರುತ್ತದೆ. ಅವೇ ದೇವರಕಾಡುಗಳು.

ದಾಖಲೆಯಲ್ಲಿರುವ ದೇವರಕಾಡುಗಳ ಸಂಖ್ಯೆ 1,214. ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್. ಭಾಗಿಸಿದರೆ ಒಂದಕ್ಕೆ ಸರಾಸರಿ ಎರಡು ಹೆಕ್ಟೇರ್, ಅಂದರೆ ಐದು ಎಕರೆ ಆಸುಪಾಸು. ಇಷ್ಟು ಒತ್ತಾಗಿ ದೇವರಕಾಡುಗಳಿರುವ ಪ್ರದೇಶ ಜಗತ್ತಿನಲ್ಲೇ ಅಪರೂಪ. ಇದು ಹೆಮ್ಮೆಯ ಭಾಗ. ನೋವಿನ ಭಾಗ ಏನೆಂದರೆ, 1905ರಲ್ಲಿ ಇದೇ ಲೆಕ್ಕ 6,277 ಹೆಕ್ಟೇರ್ ಇತ್ತು. 1985ರ ಹೊತ್ತಿಗೆ 2,550ಕ್ಕೆ ಇಳಿಯಿತು. ಎಂಬತ್ತು ವರ್ಷದಲ್ಲಿ ನೂರರಲ್ಲಿ ಐವತ್ತೊಂಬತ್ತು ಪಾಲು ಹೋಯಿತು.

ಆ ಎಂಬತ್ತು ವರ್ಷ ಈ ಕಾಡುಗಳು ಕಂದಾಯ ಇಲಾಖೆಯ ಕೈಯಲ್ಲಿದ್ದವು. 1985ರಲ್ಲಿ ಅರಣ್ಯ ಇಲಾಖೆಗೆ ಬಂದವು. ಕಂದಾಯದ ಕಣ್ಣಿನಲ್ಲಿ ಬೆಳೆ ಇಲ್ಲದ ಜಾಗ ಖಾಲಿ ಜಾಗ. ಕೊಡಗಿನಲ್ಲಿ ಅದಕ್ಕೊಂದು ಮಾತೇ ಇದೆ: ಪೈಸಾರಿ. "ಅದು ಪೈಸಾರಿ ಜಾಗ ಕಣಯ್ಯಾ" ಅಂತ ಒಂದು ಸಲ ಊರಿನ ಬಾಯಿಗೆ ಬಿದ್ದರೆ ಸಾಕು. ಮೊದಲ ವರ್ಷ ಏಲಕ್ಕಿ, ಆಮೇಲೆ ನಾಲ್ಕು ಕಾಫಿ ಗಿಡ, ಆಮೇಲೆ ಬೇಲಿ. ಹತ್ತು ವರ್ಷ ಕಳೆದರೆ ಜಾಗ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ. ಯಾರೂ ಒಂದೇ ದಿನ ಕಾಡು ಕಡಿದಿಲ್ಲ. ಬೇಲಿ ನಿಧಾನಕ್ಕೆ ನಡೆಯುತ್ತದೆ.

ಈಗ ಒತ್ತಡ ಇನ್ನೂ ಜಾಸ್ತಿ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದ 79ಎ ಮತ್ತು 79ಬಿ ಕಲಮುಗಳನ್ನು ರಾಜ್ಯ 2020ರಲ್ಲಿ ತೆಗೆದುಹಾಕಿತು. ಮಾರುವವರಿಗೆ ಕಾರಣಗಳಿವೆ, ಅವರನ್ನು ಬೈದು ಪ್ರಯೋಜನವಿಲ್ಲ. ಆನೆ ಕಾಟ, ಕೆಲಸಕ್ಕೆ ಆಳು ಸಿಗದಿರುವುದು, ಮಕ್ಕಳೆಲ್ಲಾ ಊರು ಬಿಟ್ಟಿರುವುದು. ಆದರೆ ತೋಟದ ಮಾಲೀಕ ಬದಲಾದಾಗ ಪಕ್ಕದ ದೇವರಕಾಡಿನ ಗಡಿ ಗೊತ್ತಿದ್ದವರೂ ಹೊರಟುಹೋಗುತ್ತಾರೆ. ಹೊಸಬರಿಗೆ ಬ್ರೋಕರ್ ತೋರಿಸಿದ್ದೇ ಗಡಿ.

ಸುತ್ತಲಿನ ಕಡಲೂ ಬದಲಾಗುತ್ತಿದೆ

ಐದು ಎಕರೆ ಕಾಡು ತನ್ನಷ್ಟಕ್ಕೆ ಬದುಕುವುದು ಕಷ್ಟ. ಅಂಚಿನಲ್ಲಿ ಬಿಸಿಲು ಬೀಳುತ್ತದೆ, ಗಾಳಿ ನುಗ್ಗುತ್ತದೆ, ಲಂಟಾನ ಬರುತ್ತದೆ. ಕಾಡು ಚಿಕ್ಕದಾದಷ್ಟೂ ಅಂಚೇ ಜಾಸ್ತಿ. ಆದರೂ ಕೊಡಗಿನ ದೇವರಕಾಡುಗಳು ಇಷ್ಟು ದಿನ ಉಸಿರಾಡಿದ್ದು ಹೇಗೆ? ಸುತ್ತಲಿನ ತೋಟದಲ್ಲಿ ಕಾಡುಮರಗಳ ನೆರಳಿತ್ತು. ಹಲಸು, ಅತ್ತಿ, ನಂದಿ, ಬೀಟೆ. ಮಂಗಟ್ಟೆ ಹಕ್ಕಿ ಇಲ್ಲಿ ಹಣ್ಣು ತಿಂದು ಅಲ್ಲಿ ಬೀಜ ಉದುರಿಸುತ್ತಿತ್ತು. ಒಂದು ದ್ವೀಪದಿಂದ ಇನ್ನೊಂದಕ್ಕೆ ಅದೇ ದೋಣಿ.

ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಮತ್ತು ಆಕ್ಸ್‌ಫರ್ಡ್‌ನಿಂದ ಬಂದಿದ್ದ ಶೋನಿಲ್ ಭಾಗವತ್ ಅವರ ತಂಡ ಇಲ್ಲಿ ಮರ, ಹಕ್ಕಿ, ಅಣಬೆ ಮೂರನ್ನೂ ಎಣಿಸಿತ್ತು. ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರು ಕಡೆಯೂ ನೋಡಿದರು. ಸರ್ಕಾರಿ ಮೀಸಲು ಅರಣ್ಯವೊಂದನ್ನೇ ಕಾಪಾಡಿದರೆ ಸಾಲದು, ಈ ಚಿಕ್ಕ ಕಾಡುಗಳೂ ಮರವಿರುವ ತೋಟಗಳೂ ಬೇಕು ಅನ್ನುವುದು 2005ರಲ್ಲಿ ಬಂದ ಆ ಅಧ್ಯಯನದ ಸಾರ.

ಆದರೆ ತೋಟದ ನೆರಳು ಸಿಲ್ವರ್ ಓಕ್‌ಗೆ ತಿರುಗುತ್ತಿದೆ. ಆಸ್ಟ್ರೇಲಿಯಾದ ಈ ಮರ ನೆಟ್ಟಗೆ, ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ. ಅಸಲು ಕಾರಣ ಕಾಗದದಲ್ಲಿದೆ. ಕೊಡಗಿನ ಅನ್‌ರಿಡೀಮ್ಡ್ ಜಮೀನಿನಲ್ಲಿ, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಮೀನಿನಲ್ಲಿ, ಕಾಡುಮರದ ಹಕ್ಕು ಸರ್ಕಾರದ್ದು. ನೂರು ವರ್ಷ ಕಾಯ್ದ ಬೀಟೆ ಮರ ಬೆಳೆಗಾರನದ್ದಲ್ಲ. ಸಿಲ್ವರ್ ಓಕ್ ಅವನದ್ದು, ಬೇಕಾದಾಗ ಕಡಿದು ಮಾರಬಹುದು. ಹೀಗಿರುವಾಗ ಯಾರು ತಾನೇ ಬೀಟೆ ಸಸಿ ನೆಡುತ್ತಾರೆ? ಕಾಡುಮರ ಉಳಿಸಲು ಮಾಡಿದ ನಿಯಮವೇ ಕಾಡುಮರ ನೆಡದ ಹಾಗೆ ಮಾಡಿದೆ. ಈ ನಿಯಮ ಸರಿಯಾಗುವವರೆಗೂ ದೇವರಕಾಡಿನ ಸುತ್ತ ಬೇಲಿ ಹಾಕಿ ಉಳಿಸುತ್ತೇವೆ ಅನ್ನುವುದು ಅರ್ಧ ಕೆಲಸ.

ಇನ್ನೊಂದು ಕಷ್ಟದ ಮಾತನ್ನೂ ಹೇಳಬೇಕು. ಹೊರಗಿನವರಷ್ಟೇ ಅಲ್ಲ, ನಾವೂ ಕಾಡು ತಿಂದಿದ್ದೇವೆ. ಹಳೆಯ ದೇವರಿಗೆ ಗುಡಿ ಇರಲಿಲ್ಲ. ಒಂದು ಕಟ್ಟೆ, ಕಲ್ಲು, ಮೇಲೆ ಮರದ ಕೊಂಬೆ. ಎಷ್ಟೋ ಕಡೆ ದೇವರಿಗೆ ಮಾಡು ಹಾಕಬಾರದು ಅಂತಲೇ ಕಟ್ಟಳೆ. ಈಗ ಜೀರ್ಣೋದ್ಧಾರದ ಹೆಸರಿನಲ್ಲಿ ಕಾಂಕ್ರೀಟ್ ಗುಡಿ, ಶೀಟಿನ ಚಪ್ಪರ, ಊಟದ ಹಾಲ್, ಇಂಟರ್‌ಲಾಕ್ ಹಾಕಿದ ಅಂಗಳ, ಪಾರ್ಕಿಂಗ್. ಪ್ರತಿಯೊಂದೂ ಭಕ್ತಿಯಿಂದಲೇ ಕಟ್ಟಿದ್ದು. ಆದರೆ ಹೋದ ಮರ ಮಾತ್ರ ವಾಪಸ್ ಬರಲಿಲ್ಲ. ಹಬ್ಬಕ್ಕೆ ಮೊದಲು ಊರಿಗೆ ಕಟ್ಟು ಬೀಳುತ್ತದೆ ಅಲ್ವಾ? ಆ ದಿನಗಳಲ್ಲಿ ಹಸಿ ಮರ ಕಡಿಯಬಾರದು, ಜೀವ ತೆಗೆಯಬಾರದು. ಅದೇ ಹಬ್ಬಕ್ಕೆ ಜಾಗ ಮಾಡಲು ಕಟ್ಟು ಬೀಳುವ ಮೊದಲೇ ಜೆಸಿಬಿ ತಂದದ್ದನ್ನು ನಾನು ನೋಡಿದ್ದೇನೆ.

ದೇವರು ಕಾನೂನಿಗೆ ಯಾರು?

ನಮ್ಮ ನ್ಯಾಯಾಲಯಗಳು ದೇವರನ್ನು ಕಾನೂನಿನ ವ್ಯಕ್ತಿ ಅಂತ ಒಪ್ಪುತ್ತವೆ. ದೇವರ ಹೆಸರಿನಲ್ಲಿ ಆಸ್ತಿ ಇರಬಹುದು, ದೇವರ ಪರವಾಗಿ ದಾವೆ ಹೂಡಬಹುದು. ಆದರೆ ಆ ಲೆಕ್ಕದಲ್ಲಿ ದೇವರು ಯಾವತ್ತೂ ಮೈನರ್. ಮಗುವಿನ ಆಸ್ತಿ ನೋಡಿಕೊಳ್ಳಲು ಪೋಷಕರು ಬೇಕಾದ ಹಾಗೆ ದೇವರಿಗೂ ಬೇಕು. ದೇವರಕಾಡಿನ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿದೆ. ಬಾಯಿಮಾತಿನಲ್ಲಿ ದೇವರದ್ದು, ದಾಖಲೆಯಲ್ಲಿ ಸರ್ಕಾರದ್ದು, ನೆಲದ ಮೇಲೆ ಯಾರು ಬೇಲಿ ಹಾಕಿದ್ದಾರೋ ಅವರದ್ದು. ದೇವಸ್ಥಾನದ ಸಮಿತಿ ಪೂಜೆ ನೋಡಿಕೊಳ್ಳುತ್ತದೆ, ನೆಲದ ಹಕ್ಕು ಅದಕ್ಕಿಲ್ಲ. ಇಲಾಖೆಗೆ ಹಕ್ಕಿದೆ, ಆದರೆ ಸಾವಿರದ ಇನ್ನೂರು ತುಂಡು ಕಾಡಿಗೆ ಗಾರ್ಡುಗಳು ಎಲ್ಲಿಂದ ಬರಬೇಕು?

ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 18ರಂದು ರಾಜಸ್ಥಾನದ ಓರಣ್‌ಗಳ ಬಗ್ಗೆ ಒಂದು ತೀರ್ಪು ಕೊಟ್ಟಿತು. ಓರಣ್ ಅಂದರೆ ಅಲ್ಲಿನ ದೇವರಕಾಡು. ಒಂದೊಂದನ್ನೂ ಸರ್ವೆ ಮಾಡಿ, ನಕ್ಷೆ ಮಾಡಿ, ಅಧಿಸೂಚನೆ ಹೊರಡಿಸಿ ಅಂತ ಆ ರಾಜ್ಯಕ್ಕೆ ಹೇಳಿತು. ವಿಸ್ತೀರ್ಣ ಎಷ್ಟೇ ಚಿಕ್ಕದಿರಲಿ, ನಂಬಿಕೆಯ ಮಹತ್ವದ ಮೇಲೆ ಗುರುತಿಸಿ ಅಂದಿತು. ವನ್ಯಜೀವಿ ಕಾಯ್ದೆಯ 36ಸಿ ಕಲಮಿನ ಕೆಳಗೆ ಇವನ್ನು ಸಮುದಾಯ ಮೀಸಲು ಅಂತ ಘೋಷಿಸಬಹುದು ಎಂದೂ ಸೂಚಿಸಿತು. ಇಡೀ ದೇಶದ ದೇವರಕಾಡುಗಳಿಗೆ ಒಂದು ನೀತಿ ರೂಪಿಸಿ ಅಂತ ಕೇಂದ್ರಕ್ಕೂ ಸಲಹೆ ಕೊಟ್ಟಿತು.

ಒಳ್ಳೆಯ ಸುದ್ದಿ. ಆದರೆ ಕೊಡಗಿಗೆ ಅದನ್ನು ಹಾಗೇ ತಂದು ಕೂರಿಸಲು ಆಗುವುದಿಲ್ಲ. 36ಸಿ ಇರುವುದು ಖಾಸಗಿ ಅಥವಾ ಸಮುದಾಯದ ಜಮೀನಿಗೆ. ನಮ್ಮ ದೇವರಕಾಡು ದಾಖಲೆಯಲ್ಲಿ ಸರ್ಕಾರದ ಜಮೀನು. ಹಾಗಾಗಿ ಮೊದಲು ಸಮುದಾಯದ ಹಕ್ಕು ಕಾಗದಕ್ಕೆ ಬರಬೇಕು. ಆ ಕಲಮಿನ ಒಂದು ಅಂಶ ಮಾತ್ರ ನಮಗೆ ತುಂಬಾ ಬೇಕಾದದ್ದು: ಒಮ್ಮೆ ಘೋಷಣೆಯಾದರೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಮಿಯ ಬಳಕೆ ಬದಲಿಸುವ ಹಾಗಿಲ್ಲ. ಇನ್ನೊಂದು ದಾರಿ 2002ರ ಜೀವವೈವಿಧ್ಯ ಕಾಯ್ದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ಅದರ ಕೆಳಗೆ ಪಾರಂಪರಿಕ ತಾಣ ಆಯಿತು. ಸ್ಥಳೀಯ ಜನರ ಆಚರಣೆಗೆ ಇದರಿಂದ ಅಡ್ಡಿಯಾಗುವ ಭಯ ಕಡಿಮೆ. ಊರಿನವರಿಗೆ ಇದು ಬಹಳ ಮುಖ್ಯ. "ಇಲಾಖೆಗೆ ಬರೆದುಕೊಟ್ಟರೆ ನಾಳೆ ಹಬ್ಬ ಮಾಡಕ್ಕೂ ಪರ್ಮಿಷನ್ ಕೇಳಬೇಕು" ಅನ್ನುವುದು ನಾನು ಮತ್ತೆ ಮತ್ತೆ ಕೇಳಿದ ಮಾತು. ಆ ಭಯ ಸುಮ್ನೆ ಹುಟ್ಟಿದ್ದಲ್ಲ.

ಮಾರುವ ಹಾಗಿಲ್ಲ ಅನ್ನುವ ನೆಲ

ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ 1895ರಲ್ಲಿ ಶುರುವಾಯಿತು. 1907ರ ಕಾನೂನು ಅದಕ್ಕೊಂದು ವಿಶೇಷ ಶಕ್ತಿ ಕೊಟ್ಟಿತು. ಈ ಜಾಗ ಪರಭಾರೆ ಮಾಡುವಂಥದ್ದಲ್ಲ ಅಂತ ಟ್ರಸ್ಟ್ ಒಮ್ಮೆ ಘೋಷಿಸಿದರೆ, ಆಮೇಲೆ ಟ್ರಸ್ಟಿನವರೇ ಮನಸ್ಸು ಮಾಡಿದರೂ ಮಾರಲು ಬರುವುದಿಲ್ಲ. ಜೆರ್ಸಿಯ ಟ್ರಸ್ಟ್ ಬೇರೆ ಸಂಸ್ಥೆ, ಆದರೆ ಇದೇ ವಿಚಾರದ ನೆರಳಲ್ಲಿ ಹುಟ್ಟಿದ್ದು.

ಇದನ್ನು ಓದಿದಾಗ ನನಗೆ ಹೊಸದು ಅನಿಸಲಿಲ್ಲ. ನಮ್ಮ ಜಮ್ಮಾ ಭೂಮಿ ನೆನಪಾಯಿತು. ಜಮ್ಮಾ ಹಿಡುವಳಿ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿದ್ದು, ಒಬ್ಬನದ್ದಲ್ಲ. ಹಳೆಯ ಕಟ್ಟಳೆ ಪ್ರಕಾರ ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ, ಪಾಲು ಮಾಡುವ ಹಾಗಿಲ್ಲ. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್‌ನಲ್ಲೂ ಜಮ್ಮಾ ಬೇರೆಯೇ ಹಿಡುವಳಿ. ಈ ವ್ಯವಸ್ಥೆಯನ್ನು ಪೂರ್ತಿ ಹೊಗಳಲು ನಾನು ತಯಾರಿಲ್ಲ. ಅದು ರಾಜನಿಗೆ ಸೈನ್ಯದ ಸೇವೆ ಮಾಡುವವರಿಗೆ ಕೊಟ್ಟ ಭೂಮಿ. ಅದೇ ಗದ್ದೆಯಲ್ಲಿ ದುಡಿದ ಯರವ ಆದಿವಾಸಿಗಳಿಗೆ ಅದರಲ್ಲಿ ಪಾಲಿರಲಿಲ್ಲ. ಆದರೂ 'ಈ ನೆಲ ನನ್ನ ನಂತರದವರದ್ದು, ಮಾರಲು ನಾನ್ಯಾರು' ಅನ್ನುವ ಮಾತು ಕೊಡಗಿನವರಿಗೆ ಯಾರೂ ಹೊರಗಿನಿಂದ ಕಲಿಸಬೇಕಿಲ್ಲ.

ಐನ್‌ಮನೆಗಳಿಗೂ ಇದೇ ಅನ್ವಯಿಸುತ್ತದೆ. ಒಕ್ಕದ ಮೂಲಮನೆ. ಎಲ್ಲರದ್ದೂ ಆದ್ದರಿಂದ ಯಾರೂ ಹೆಂಚು ಬದಲಿಸುವುದಿಲ್ಲ. ಒಂದೇ ಹಲಗೆಯಲ್ಲಿ ಮಾಡಿದ ಜಗಲಿಯ ಆಸನ ಐಮರಕ್ಕೆ ಗೆದ್ದಲು ಹಿಡಿದ ಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಬರುತ್ತದೆ. ಬೇರೆ ರೀತಿ ಆಗುವುದಕ್ಕೂ ಉದಾಹರಣೆ ಇದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ ಎಷ್ಟೋ ವರ್ಷ ಸರ್ಕಾರಿ ಕಚೇರಿಯಾಗಿತ್ತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಬೆನ್ನು ಬಿಡದೆ ಹಿಡಿದದ್ದರಿಂದ ಅದು ಮ್ಯೂಸಿಯಂ ಆಯಿತು, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು.

ಕಾಡಿನ ಕಡೆಯೂ ಒಂದು ಉದಾಹರಣೆ ಉಂಟು. ದಕ್ಷಿಣ ಕೊಡಗಿನ ತೆರಾಲು ಕಡೆ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡರು. ಪಾಳುಬಿದ್ದ ತೋಟ, ಗದ್ದೆಗಳನ್ನು ಒಂದೊಂದಾಗಿ ಸೇರಿಸಿಕೊಂಡು ಸುಮಾರು 300 ಎಕರೆ ಮಾಡಿದರು, ಸಾಯ್ ಸ್ಯಾಂಕ್ಚುಯರಿ ಅಂತ ಟ್ರಸ್ಟ್ ಮಾಡಿದರು. ಬೆಳೆ ಬೆಳೆಯದೆ ಕಾಡು ಬರಲು ಬಿಟ್ಟರು. ಇಬ್ಬರ ಛಲದಿಂದ ಇಷ್ಟಾಯಿತು. ಆದರೆ 1,214 ಕಡೆ ಇಂಥ ಇಬ್ಬರು ಸಿಗುವುದಿಲ್ಲ. ಅದಕ್ಕೇ ವ್ಯಕ್ತಿ ಹೋದರೂ ಉಳಿಯುವ ಸಂಸ್ಥೆ ಬೇಕು.

ನನಗೆ ಅನಿಸುವುದು ಇಷ್ಟು. ನೆಲದ ಒಡೆತನ ಸರ್ಕಾರದ ಹೆಸರಿನಲ್ಲೇ ಇದ್ದರೂ ಪರವಾಗಿಲ್ಲ, ಪೋಷಕರು ಯಾರು ಅನ್ನುವುದು ಬರಹದಲ್ಲಿ ಇರಲಿ. ಒಂದೊಂದು ಊರಿಗೆ ಒಂದೊಂದು ಟ್ರಸ್ಟ್ ಮಾಡಿದರೆ ಲೆಕ್ಕಪತ್ರ ಬರೆಯುವವರೇ ಸಿಗುವುದಿಲ್ಲ, ಎರಡು ವರ್ಷಕ್ಕೆ ಜಗಳ ಬರುತ್ತದೆ. ನಾಡಿನ, ಅಂದರೆ ಕೆಲವು ಊರುಗಳ ಗುಂಪಿನ, ಮಟ್ಟದಲ್ಲಿ ಒಂದು ಟ್ರಸ್ಟ್, ಅದರಲ್ಲಿ ಊರಿನ ಸಮಿತಿಗಳು, ಹೊರಗಿನ ಆಡಿಟರ್. ಟ್ರಸ್ಟ್ ಪತ್ರದಲ್ಲಿ ಎರಡು ಮಾತು ಖಂಡಿತ ಇರಬೇಕು: ಈ ಜಾಗವನ್ನು ಮಾರುವ, ಗುತ್ತಿಗೆ ಕೊಡುವ ಅಧಿಕಾರ ಟ್ರಸ್ಟಿಗಳಿಗಿಲ್ಲ, ಕಾಡಿನೊಳಗೆ ಹೊಸ ಕಟ್ಟಡ ಇಲ್ಲ. ದುಡ್ಡು ಜೆರ್ಸಿಯಷ್ಟು ಬೇಕಿಲ್ಲ. ನಾವು ಕಾಡು ಕೊಳ್ಳಬೇಕಾಗಿಲ್ಲ, ಅದು ಈಗಾಗಲೇ ನಮ್ಮದು. ಸರ್ವೆಗೆ, ಕಲ್ಲಿಗೆ, ಒಬ್ಬ ಕಾವಲುಗಾರನ ಸಂಬಳಕ್ಕೆ, ಕೋರ್ಟಿನ ಖರ್ಚಿಗೆ ಬೇಕು. ಹಬ್ಬಕ್ಕೆ ಸೌಂಡ್ ಸಿಸ್ಟಮ್ ತರಿಸುವವರು ಮನಸ್ಸು ಮಾಡಿದರೆ ಇದಾಗುತ್ತದೆ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಕ್ಕರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳೂ ಸೇರಿಕೊಳ್ಳುತ್ತಾರೆ.

ಟ್ರಸ್ಟಿನಲ್ಲಿ ಯಾರಿರಬೇಕು ಅನ್ನುವುದು ಸೂಕ್ಷ್ಮ ವಿಷಯ. ದೇವರಕಾಡು ಒಂದು ಜನಾಂಗದ್ದು ಮಾತ್ರ ಅಲ್ಲ. ದೇವರಪುರದ ಕುಂಡೆ ಹಬ್ಬ ಯರವರು, ಜೇನುಕುರುಬರು ಇಲ್ಲದೆ ನಡೆಯುವುದೇ ಇಲ್ಲ. ಬೇರೆ ಊರುಗಳಲ್ಲೂ ಕೊಟ್ಟು ವಾದ್ಯ ಬಡಿಯುವವರು, ದೈವದ ವೇಷ ಹಾಕಿ ತೆರೆ ಕಟ್ಟುವವರು, ಎಣ್ಣೆ ತರುವವರು ಬೇರೆ ಬೇರೆ ಸಮುದಾಯದವರು. ಹಬ್ಬದಲ್ಲಿ ಪಾಲಿರುವ ಎಲ್ಲರಿಗೂ ಟ್ರಸ್ಟಿನಲ್ಲೂ ಕುರ್ಚಿ ಇರಬೇಕು. ಒತ್ತುವರಿ ತೆರವಿನ ಮಾತು ಬಂದಾಗ ಇದು ಇನ್ನೂ ಮುಖ್ಯವಾಗುತ್ತದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದನ್ನು ಯಾರೂ ಮರೆತಿಲ್ಲ. ಎಸ್ಟೇಟಿನ ಕೂಲಿಯವರ ಲೈನ್‌ಮನೆಯಿಂದ ಹೊರಬಿದ್ದು, ತಲೆ ಮೇಲೊಂದು ಟಾರ್ಪಾಲು ಹಾಕಿಕೊಂಡ ಕುಟುಂಬವೂ ಒತ್ತುವರಿದಾರರೇ, ಎರಡು ಎಕರೆ ಕಾಫಿ ಸೇರಿಸಿಕೊಂಡ ಎಸ್ಟೇಟೂ ಒತ್ತುವರಿದಾರರೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತೆರವು ಎಸ್ಟೇಟಿನಿಂದ ಶುರುವಾಗಬೇಕು. ಮನೆಯಿಲ್ಲದವರಿಗೆ ಬೇರೆ ಕಡೆ ನಿವೇಶನ ಕೊಟ್ಟ ಮೇಲೆ ಮಾತ್ರ ಎದ್ದೇಳಿ ಅನ್ನಬೇಕು.

ಈ ಸಲ ಹಬ್ಬದ ಮರುದಿನ ನಾವು ಮತ್ತೆ ಗಡಿ ಸುತ್ತಿದೆವು. ತಕ್ಕರ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಮಾವ ಕೋಲಿನಿಂದ ತೋರಿಸುತ್ತಾ ಹೋದರು, ಅವಳು ಫೋನಿನಲ್ಲಿ ಒಂದೊಂದು ಕಲ್ಲಿನ ಜಾಗ ಗುರುತು ಹಾಕಿಕೊಂಡಳು. ನಾನು ಸುಣ್ಣದ ಬಕೆಟ್ ಹಿಡಿದಿದ್ದೆ. ತೋಟದವರೂ ಜೊತೆಗೆ ಬಂದಿದ್ದರು. ಮೊದಲು ಸ್ವಲ್ಪ ಗೊಣಗಿದರು. ಆಮೇಲೆ ತಾವೇ ಕತ್ತಿ ತಗೊಂಡು ಕಾಫಿ ಗಿಡದ ಬುಡ ಬಿಡಿಸಿ ಕಲ್ಲು ಕಾಣುವ ಹಾಗೆ ಮಾಡಿದರು. ಬೇಲಿ ಹಿಂದಕ್ಕೆ ಹೋಗುತ್ತದೋ ಇಲ್ಲವೋ, ಆ ಮಾತು ಅವತ್ತು ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಐದು ಕಲ್ಲಿಗೆ ಸುಣ್ಣ ಬಿತ್ತು.

"ಇನ್ನೂ ಮೂರು ಸಿಗಬೇಕು ತಾತ" ಅಂದಳು ಹುಡುಗಿ, ಹಳೆಯ ನಕ್ಷೆ ನೋಡುತ್ತಾ.

"ಹೊಳೆ ಕಡೆ ಇರಬೇಕು" ಅಂತ ಮಾವ ಇಳಿಯಲು ಶುರು ಮಾಡಿದರು.